ಫಕೀರಪ್ಪ ಹಾಕಿದ ನೆಲ

ಫಕೀರಪ್ಪ ಸಿಮೆಂಟು ಕದಿಯಲಿಲ್ಲ. ಕದ್ದನೆಂದು ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಕಥೆ ಹೇಳಲು ಕೂತರೆ ನನ್ನ ತಪ್ಪು ಚಿಕ್ಕದಾಗಿ ಕಾಣುವಂತೆ ಹೇಳುವ ಚಟ ನನಗಿದೆ.

ಸುರೇಬಾನದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಊರಿಗೆಲ್ಲ ‘ಅಕ್ಕೋರು’. ಅರವತ್ತು ದಾಟಿದ ಮೇಲೆ ಕಾರು ಕಲಿತೆ. ಒಬ್ಬಳೇ ರಾಮದುರ್ಗಕ್ಕೆ ಕಾರು ಹೊಡೆದುಕೊಂಡು ಹೋಗುವಾಗ ಜನ ನಿಂತು ನೋಡುತ್ತಿದ್ದರು. ಅದು ನನಗೆ ಹಿತವೆನಿಸುತ್ತಿತ್ತು. ಕಾರು ನಿಲ್ಲಿಸಲು ಮನೆಯ ಪಕ್ಕ ಒಂದು ರೆಡಿಮೇಡ್ ಗ್ಯಾರೇಜು ತರಿಸಿದೆ — ಕಂಬ, ತಗಡು, ಶಟರ್ ಎಲ್ಲ ಬಿಡಿಬಿಡಿಯಾಗಿ ಲಾರಿಯಲ್ಲಿ ಬಂದು, ಒಂದೇ ದಿನದಲ್ಲಿ ಬೋಲ್ಟು ಬಿಗಿದು ನಿಲ್ಲಿಸುವಂಥದ್ದು. ಅದರ ಬುನಾದಿ ಮತ್ತು ನೆಲ ಮಾತ್ರ ನಾವೇ ಮಾಡಿಸಿಕೊಳ್ಳಬೇಕಿತ್ತು. ಅದಕ್ಕೆ ಊರಿನ ಗೌಂಡಿ ಫಕೀರಪ್ಪನನ್ನು ಕರೆಸಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ.

ಅವನು ಹಾರೆಯಿಂದ ನೆಲವನ್ನು ಎರಡು ಕಡೆ ಕೆದರಿ, ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡಿದ.

“ಅಕ್ಕೋರ, ಇದು ಕರಿ ಎರಿ ಮಣ್ಣ ಐತ್ರಿ. ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ. ಮೂರ ಫೂಟ ತಗದು ಒಗದು ಗಟ್ಟಿ ಗರಸು ಮಣ್ಣ ತುಂಬಬೇಕ್ರಿ. ಮ್ಯಾಲ ಟೈಲ್ಸ ಬ್ಯಾಡ್ರಿ, ಒರಟ ಕಾಂಕ್ರೀಟ ಇರ್ಲಿ. ಗಾಲಿ ಜಾರೂದಿಲ್ಲ.”

ನನ್ನ ಕೈಯಲ್ಲಿ ಗ್ಯಾರೇಜಿನವರು ಕೊಟ್ಟ ಪುಸ್ತಿಕೆಯಿತ್ತು. ನೆಲ ಸಮ ಮಾಡಿ ನಾಲ್ಕು ಇಂಚು ಕಾಂಕ್ರೀಟು ಹಾಕಿದರೆ ಸಾಕು ಎಂದು ಅದರಲ್ಲಿತ್ತು. ಗಟ್ಟಿ ನೆಲವಿದ್ದರೆ ಎಂಬ ಮಾತೂ ಇತ್ತು. ಅದನ್ನು ನಾನು ಓದಿದ್ದೆ — ಓದಿಯೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ನಾಲ್ಕು ಜನ ಕೂಲಿಯವರ ಮುಂದೆ ಅವನಿಗೆ ಹೇಳಿದೆ:

“ಏಳನೇ ಇಯತ್ತೆ ಎರಡ ಸಲ ಕುಂತಾಂವ ನೀ. ನನಗ ಮಣ್ಣಿನ ಪಾಠ ಹೇಳತಿಯೇನೋ?”

ಕೂಲಿಯವರು ನಕ್ಕರು. ಅವನೂ ನಕ್ಕ. ನಾನು ಹೇಳಿದಂತೆಯೇ ಕರಿಮಣ್ಣಿನ ಮೇಲೆ ಕಾಂಕ್ರೀಟು ಹಾಕಿ, ಅದರ ಮೇಲೆ ನಾನು ಆರಿಸಿದ ಹೊಳೆಯುವ ಬಿಳಿ ಟೈಲ್ಸು ಕೂಡಿಸಿದ. ಎಷ್ಟು ಚೀಲ ಸಿಮೆಂಟು ಹೋಯಿತೆಂದು ಕುರ್ಚಿ ಹಾಕಿಕೊಂಡು ಕೂತು ನೋಡಿದವಳು ನಾನೇ. ಒಂದು ಬೊಗಸೆಯೂ ಆಚೀಚೆ ಆಗಲಿಲ್ಲ.

ಆ ಮಳೆಗಾಲದಲ್ಲೇ ನಡುನೆಲ ಉಬ್ಬಿತು. ಟೈಲ್ಸುಗಳು ಒಡೆದವು, ಒಂದು ಕಂಬ ವಾಲಿತು, ಕಾರು ಒಳಗಿರುವಂತೆಯೇ ಶಟರ್ ಸಿಕ್ಕಿಕೊಂಡಿತು. ಪಕ್ಕದ ಮನೆಯ ಶಿವಬಸಪ್ಪ ಹಾರೆ ತಂದು ಅದನ್ನು ಎಬ್ಬಿಸಿಕೊಟ್ಟರು. ಅವರು ಹೊಸ ಮನೆ ಕಟ್ಟಿಸುವವರಿದ್ದರು. ಕೆಲಸ ಫಕೀರಪ್ಪನಿಗೆ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಒಡೆದ ನೆಲ ನೋಡಿ, ಹಿಂಗ್ಯಾಕ ಆತ್ರಿ ಎಂದು ಕೇಳಿದರು.

“ಸಿಮೆಂಟ ಕಡಿಮಿ ಹಾಕ್ಯಾನ,” ಎಂದೆ.

ಅಷ್ಟೇ. ಮೂರು ಶಬ್ದ. ‘ನನ್ನ ತಪ್ಪು’ ಎನ್ನಲು ಅಷ್ಟೂ ಬೇಕಿರಲಿಲ್ಲ.

ಮನೆಯ ಕೆಲಸ ಬೇರೆಯವರಿಗೆ ಹೋಯಿತು. ಮಾತು ಊರೆಲ್ಲ ತಿರುಗಿತು. ಫಕೀರಪ್ಪನಿಗೆ ಸುರೇಬಾನದಲ್ಲಿ ಕೆಲಸ ಸಿಗದೆ, ಬೈಲಹೊಂಗಲದಲ್ಲಿ ಯಾರದೋ ಕೈಕೆಳಗೆ ಸೇರಿಕೊಂಡ. ರವಿವಾರ ಊರಿಗೆ ಬಂದಾಗ ಎದುರಾದರೆ, ಆರಾಮ ಅದೀರಿ ಅಕ್ಕೋರ, ಎಂದು ಕೇಳುತ್ತಿದ್ದ. ಆರಾಮ ಎನ್ನುತ್ತಿದ್ದೆ.

ಎರಡು ವರ್ಷದ ಮೇಲೆ ನೆಲ ಕೀಳಿಸಲು ರಾಮದುರ್ಗದಿಂದ ಒಬ್ಬ ಗೌಂಡಿಯನ್ನು ಕರೆಸಿದೆ. ಸುತ್ತಿಗೆ ಹೊಡೆದು ಹೊಡೆದು ಅವನ ಕೈ ಸೋತಿತು. ಸಿಮೆಂಟ ಮಾಲು ಗಟ್ಟಿ ಐತ್ರಿ, ತಪ್ಪೆಲ್ಲ ಕೆಳಗಿನ ಮಣ್ಣಂದು, ಎರಿ ಮ್ಯಾಲ ಹಾಕಂತ ಹೇಳಿದವರ ಯಾರು ಎಂದು ಕೇಳಿದ. ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಒಲೆ ಹಚ್ಚದೆ ನಿಂತೆ. ಹೊರಗೆ ಸುತ್ತಿಗೆಯ ಸಪ್ಪಳ ಕೇಳುತ್ತಲೇ ಇತ್ತು — ಅಷ್ಟು ಹೊಡೆದರೂ ಅವನು ಹಾಕಿದ ನೆಲ ಒಡೆಯುತ್ತಿರಲಿಲ್ಲ. ಹೊರಬಂದು ಆವತ್ತಿನ ಕೆಲಸ ನಿಲ್ಲಿಸಿದೆ.

ಸುಳ್ಳು ಹೇಳಿದ್ದು ಶಿವಬಸಪ್ಪನವರಿಗೆ. ಮೊದಲು ಅಲ್ಲಿಗೇ ಹೋದೆ. ಅವರ ಹೆಂಡತಿ, ಸೊಸೆ ಎದುರಿಗೇ ಇದ್ದರು. ಎಲ್ಲ ಹೇಳಿದೆ. ಮನೆ ಕಟ್ಟಿ ಮುಗಿದಿದೆ, ಈಗ ಹೇಳಿ ಏನು ಮಾಡುವುದು ಎಂದರು ಅವರು, ನನ್ನ ಮುಖ ನೋಡದೆ.

ರವಿವಾರ ಫಕೀರಪ್ಪನ ಮನೆಗೆ ಹೋದೆ. ತಪ್ಪಾಯಿತೆಂದೆ.

“ನೀವ ಅಂದದ್ದು ಅಂತ ನನಗ ಗೊತ್ತಿತ್ರಿ ಅಕ್ಕೋರ.”

“ಗೊತ್ತಿದ್ದೂ ಯಾಕ ಕೇಳಲಿಲ್ಲೋ?”

“ಕೇಳಿ ಏನ ಮಾಡ್ಲಿರಿ? ಊರಾಗ ನಿಮ್ಮ ಮಾತ ನಡೀತೈತಿ, ನಂದಲ್ಲ.”

ಅವನ ಹೆಂಡತಿ ನೀಲವ್ವ ನೀರು ತಂದಿಟ್ಟು, ಎರಡು ವರ್ಷ ತನ್ನ ಗಂಡ ಬಸ್ಸಿಳಿದು ಊರ ಹಿಂದಿನ ಹಾದಿಯಿಂದ ಮನೆಗೆ ಬರುತ್ತಿದ್ದನೆಂದು ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಆದದ್ದನ್ನು ಹೇಳಿದಳು.

ನನ್ನ ಮಾತು ನಡೆಯುವುದಾದರೆ ಇನ್ನೊಮ್ಮೆ ನಡೆಯಲಿ ಎಂದುಕೊಂಡೆ. ಹಿಟ್ಟಿನ ಗಿರಣಿಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ — ಸಿಕ್ಕ ಸಿಕ್ಕವರಿಗೆಲ್ಲ ಹೇಳಿದೆ. ಕೆಲವರು ನಂಬಲಿಲ್ಲ, ಅಕ್ಕೋರು ಕರುಣೆಯಿಂದ ಅವನ ಪರ ಮಾತಾಡುತ್ತಿದ್ದಾರೆ ಎಂದರು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದವರಿಗೆ ನಿಜವನ್ನು ಮೂರು ಮೂರು ಸಲ ಹೇಳಬೇಕಾಯಿತು.

ನನ್ನ ನೆಲವನ್ನು ಫಕೀರಪ್ಪನೇ ಮಾಡಿದ. ತಗಡು ಬಿಚ್ಚಿ, ಮೂರು ಫೂಟು ಕರಿಮಣ್ಣು ತೆಗೆದು, ಗರಸನ್ನು ಪದರು ಪದರಾಗಿ ಹಾಕಿ, ನೀರು ಹೊಡೆದು ದಮ್ಮಸು ಬಡಿದು ಗಟ್ಟಿ ಮಾಡಿ, ಸರಳು ಕಟ್ಟಿ ಕಾಂಕ್ರೀಟು ಸುರಿದ. ಹಸಿಯಿರುವಾಗಲೇ ಕಸಬರಿಗೆಯಿಂದ ಗೆರೆ ಎಳೆದು ಮೇಲ್ಮೈ ಒರಟು ಮಾಡಿದ. ಯಾವುದಕ್ಕೆ ಏನೆಂದು ಒಂದೊಂದೂ ಕೇಳಿದೆ, ಬೇಸರಿಸದೆ ಹೇಳಿದ. ನಾನು ಶಾಲೆಯಲ್ಲಿ ಹಾಗೆ ಕಲಿಸುತ್ತಿದ್ದೆನೋ ಇಲ್ಲವೋ — ಗೊತ್ತಿಲ್ಲ.

ನಾಲ್ಕು ಮಳೆಗಾಲ ಕಳೆದವು; ನೆಲದಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಫಕೀರಪ್ಪನಿಗೆ ಈಗ ಊರಲ್ಲೇ ಕೈತುಂಬ ಕೆಲಸ. ಕಾರು ತೆಗೆಯುವಾಗ ಮನಸ್ಸು ತಣ್ಣಗಿರುತ್ತದೆ. ಆ ಎರಡು ವರ್ಷ ಮಾತ್ರ ಅವನಿಗೆ ಮರಳಿ ಬರುವುದಿಲ್ಲ.

ಆಗಾಗ ಅವರ ಮನೆಯ ಕಡೆ ಹೋಗುತ್ತೇನೆ. ನೀಲವ್ವ “ಬರ್ರಿ” ಎನ್ನುತ್ತಾಳೆ. “ಕುಂದರ್ರಿ” ಎನ್ನುವುದಿಲ್ಲ. ನಾನು ನಿಂತೇ ಮಾತಾಡಿ ಬರುತ್ತೇನೆ.