ಕೀ ಕಿತ್ತರೂ ಉರಿಯುವ ದೀಪ

ಮೊನ್ನೆ ಜೊಯಿಡಾದಲ್ಲಿ ಜನ ನನ್ನನ್ನು ಹುಡುಕಿಕೊಂಡು ಬಂದರು. ಅಂಕಣ ಓದಿ ಮೆಚ್ಚಿದವರಿರಬೇಕು ಎಂದು ಸೆರಗು ಸರಿಮಾಡಿಕೊಂಡೆ.

"ಅಕ್ಕಾರ, ಆ ಬಿಳಿ ಗಾಡಿ ನಿಮ್ಮದೇನ್ರಿ? ಲೈಟ್ ಚಾಲೂ ಐತಿ ನೋಡ್ರಿ," ಎಂದರು ಮೊದಲು ಬಂದವರು.

ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಬಿಟ್ಟು ಹೋದರೆ ಸರದಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಚಹಾದಂಗಡಿಯವರು ಅದೇ ಸುದ್ದಿ ತಂದರು. ಅವರ ಹಿಂದೆ, ಬಸ್ಸು ಕಾಯುತ್ತಿದ್ದ ಒಬ್ಬ ಅಜ್ಜ. (ಜೊಯಿಡಾದಲ್ಲಿ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂದು ಎದ್ದು ಬರುವುದು ಸಣ್ಣ ಉಪಕಾರವಲ್ಲ.)

ದಾಂಡೇಲಿಯಿಂದ ಬರುವಾಗ ಕಾಡಿನಲ್ಲಿ ಮಂಜು ಕವಿದಿತ್ತು. ಲೈಟು ಹಾಕಿದ್ದೆ. ಇಳಿಯುವಾಗ ಸ್ವಿಚ್ ಪೂರ್ತಿ ತಿರುಗಿಸದೆ ಒಂದು ಮೆಟ್ಟಿಲು ಹಿಂದೆಯೇ ಬಿಟ್ಟಿದ್ದೆ, ಅಂದರೆ ಪಾರ್ಕಿಂಗ್ ಲೈಟಿನಲ್ಲಿ. ಹೊಸ ಕಾರುಗಳಾದರೆ ಬಾಗಿಲು ತೆಗೆದ ಕೂಡಲೇ ಕುಂಯ್‌ಗುಟ್ಟಿ ನೆನಪಿಸುತ್ತವಂತೆ. ನಮ್ಮದು ಹಳೆಯದು, ಸಂಕೋಚದ ಸ್ವಭಾವ.

ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಬ್ಯಾಟರಿ ಸತ್ತಿರುತ್ತದೆ, ಈಗ ತಳ್ಳುವವರನ್ನು ಎಲ್ಲಿ ಹುಡುಕಲಿ ಎಂದು ಹೆದರುತ್ತ ಕೀ ತಿರುಗಿಸಿದೆ. ಏನೂ ಆಗಿಲ್ಲವೆಂಬಂತೆ ಎಂಜಿನ್ ಶುರುವಾಯಿತು.

ಆಗ ಹಿಡಿಯಿತು ನೋಡಿ ನನಗೆ ಕುತೂಹಲ. ಕೀ ನನ್ನ ಪರ್ಸಿನಲ್ಲಿತ್ತು. ಕೀ ಕಿತ್ತರೆ ನಮ್ಮ ಕಾರಿನ ದೊಡ್ಡ ಲೈಟು ಆರುತ್ತದೆ, ರೇಡಿಯೊ ಬಾಯಿ ಮುಚ್ಚುತ್ತದೆ. ಇದೊಂದಕ್ಕೆ ಮಾತ್ರ ಯಾಕೆ ಈ ರಿಯಾಯಿತಿ?

ಮನೆಯಲ್ಲಿ ನಮ್ಮವರನ್ನು ಕೇಳಿದೆ. "ಅದು ಹಂಗ ಇರತೈತಿ," ಎಂದರು. ಮದುವೆಯಾದಾಗಿನಿಂದ ನನ್ನ ಎಲ್ಲ ಪ್ರಶ್ನೆಗಳಿಗೂ ಇದೇ ಉತ್ತರ.

ಅಂಗಳದಲ್ಲಿ ಕಾರಿನ ಸುತ್ತ ತಿರುಗಿ ತಿರುಗಿ ನೋಡಿದೆ. ಮುಂದೆ ಎರಡು ಪುಟ್ಟ ಬಿಳಿ ದೀಪ, ಹಿಂದೆ ಎರಡು ಕೆಂಪು. ನಾಲ್ಕೂ ಮೂಲೆಯಲ್ಲಿ. ಮೂಲೆಯಲ್ಲೇ ಯಾಕೆ? ಗಾಡಿ ಎಷ್ಟು ಅಗಲ ಎಂದು ಎದುರಿನವನಿಗೆ ತಿಳಿಯಬೇಕಲ್ಲ. ಬಿಳಿ ಯಾಕೆ, ಕೆಂಪು ಯಾಕೆ? ಕಾಣುತ್ತಿರುವುದು ಮುಖವೋ ಬೆನ್ನೋ ಎಂದು ಹೇಳಲಿಕ್ಕೆ. ಬೆಳಕು ಇಷ್ಟು ಮಂದ ಯಾಕೆ? ಬ್ಯಾಟರಿಯನ್ನು ಬೇಗ ತಿನ್ನಬಾರದು. ಕೆಲವು ವಿದೇಶಿ ಕಾರುಗಳಲ್ಲಿ ರಸ್ತೆಯ ಕಡೆಗಿನ ಒಂದೇ ಬದಿಯನ್ನು ಉರಿಸುವ ವ್ಯವಸ್ಥೆಯೂ ಇದೆಯಂತೆ. ಅಷ್ಟು ಜಿಪುಣತನ!

ಒಟ್ಟಿನಲ್ಲಿ ಇದು ದಾರಿ ನೋಡುವ ದೀಪವಲ್ಲ. ನಾನಿಲ್ಲಿ ನಿಂತಿದ್ದೇನೆ, ನನ್ನನ್ನು ನೋಡಿ ಎನ್ನುವ ದೀಪ. ನಿಂತ ಗಾಡಿಯಲ್ಲಿ ಕೀ ಇರುವುದಿಲ್ಲ, ಆದ್ದರಿಂದ ಇದಕ್ಕೆ ಕೀ ಬೇಕಿಲ್ಲ. ಎಷ್ಟು ಸರಳ! ಆದರೆ ನಮ್ಮಲ್ಲಿ ಇದನ್ನು ಬಳಸುವುದು ಹೇಗೆ? ಮುಸ್ಸಂಜೆಯಲ್ಲಿ ದೊಡ್ಡ ಲೈಟು ಉಳಿಸಲು ಇದನ್ನು ಹಾಕಿಕೊಂಡು ಜೋರಾಗಿ ಓಡಿಸುತ್ತೇವೆ. ನಿಂತಾಗ ತಪ್ಪದೆ ಆರಿಸುತ್ತೇವೆ.

ಇಷ್ಟು ತಿಳಿದು ಬೀಗುತ್ತಿದ್ದವಳಿಗೆ ಈ ಭಾನುವಾರ ಒಂದು ಪಾಠವಾಯಿತು. ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ನಾದಿನಿಯ ಮಗಳ ಕುಪ್ಪಸದ, ಅಂದರೆ ಸೀಮಂತದ, ಊಟ ಮುಗಿಸಿ ಸಂಜೆ ಮರಳುತ್ತಿದ್ದೆವು. ನಮ್ಮವರೇ ಓಡಿಸುತ್ತಿದ್ದರು. ಹಳಿಯಾಳ ಇನ್ನೂ ಮುಂದಿತ್ತು. ಕಬ್ಬಿನ ಹಂಗಾಮು. ಬೆಳಕು ಇಳಿಯುತ್ತಿದ್ದ ಹೊತ್ತು, ಒಂದು ತಿರುವು. ತಿರುಗಿದೆವೋ ಇಲ್ಲವೋ, ಎದುರಿಗೆ ಒಂದು ಮಿಣುಕು ಬೆಳಕು ಗಾಳಿಯಲ್ಲಿ ಅತ್ತಿತ್ತ ಆಡುತ್ತಿತ್ತು. ಅವರು ಬ್ರೇಕ್ ಒತ್ತಿದರು. ನನ್ನ ಮಡಿಲಲ್ಲಿದ್ದ ಬುತ್ತಿಯ ಡಬ್ಬಿ ಕೆಳಗೆ ಉರುಳಿತು.

ಮೊಬೈಲಿನ ಟಾರ್ಚು ಅದು. ಹಿಡಿದು ನಿಂತಿದ್ದವಳು ಒಬ್ಬ ಹೆಂಗಸು. ಅವಳ ಬೆನ್ನಿಗೆ ರಸ್ತೆಯ ಮುಕ್ಕಾಲು ಭಾಗ ತುಂಬಿ ನಿಂತ ಕಬ್ಬಿನ ಟ್ರೇಲರ್. ಅದರಲ್ಲಿ ಒಂದೂ ದೀಪವಿಲ್ಲ. ಮುಂದಿನ ಟ್ರ್ಯಾಕ್ಟರಿನ ಲೈಟು ಕಬ್ಬಿನ ಹೇರಿನಲ್ಲಿ ಮರೆಯಾಗಿತ್ತು. ರೂಢಿಯಂತೆ ಸೊಪ್ಪಿನ ಟೊಂಗೆ ಮುರಿದು ರಸ್ತೆಯ ಮೇಲೆ ಹಾಕಿದ್ದರು. ಆ ಹೊತ್ತಿನಲ್ಲಿ ಹಸಿರು ಟೊಂಗೆಗೂ ಡಾಂಬರಿಗೂ ಏನು ವ್ಯತ್ಯಾಸ ಕಾಣುತ್ತದೆ?

ಇಳಿದೆ. ಅವಳ ಹತ್ತಿರ ಹೋದೆ. ಹೆಸರು ಯಲ್ಲವ್ವ ಎಂದಳು.

"ಗಾಲಿ ಪಂಕ್ಚರ್ ಆಗೇತ್ರಿ. ನಮ್ಮನಿಯವ್ರು ಗಾಲಿ ಬಿಚ್ಕೊಂಡು ಯಾರ್ದೋ ಬೈಕಿನ ಮ್ಯಾಲ ಹಳಿಯಾಳಕ್ಕ ಹೋಗ್ಯಾರ. ಯಾರರೆ ಬಂದು ಗುದ್ದಿಗಿದ್ದಾರು, ಹಿಂದ ನಿಂದ್ರು ಅಂದಾರ್ರಿ."

"ಗುದ್ದಿದ್ರ ಮೊದಲ ನಿನಗ ಗುದ್ದತಾರಲ್ಲವಾ ತಂಗಿ?"

"ಹೌದ್ರಿ," ಎಂದಳು. ಆಮೇಲೆ ಮೊಬೈಲ್ ನೋಡಿಕೊಂಡು, "ಚಾರ್ಜ್ ಮುಗೀಲಾಕತ್ತೇತ್ರಿ," ಎಂದಳು.

ಬಿಟ್ಟು ಹೋಗುವುದು ಹೇಗೆ? ಅವಳು ಆ ಜಾಗ ಬಿಟ್ಟು ಬರಲು ಒಪ್ಪಲಿಲ್ಲ. ನಮ್ಮವರು ಕಾರನ್ನು ಹಿಂದಕ್ಕೆ ತಂದು, ತಿರುವಿಗೆ ಮೊದಲೇ ಕಾಣುವ ಹಾಗೆ ಅಂಚಿನಲ್ಲಿ ನಿಲ್ಲಿಸಿ ಪಾರ್ಕಿಂಗ್ ಲೈಟು ಹಾಕಿದರು. ಕೆಂಪು ಬೆಳಕು ಬಿದ್ದ ಮೇಲೆ ಯಲ್ಲವ್ವ ರಸ್ತೆ ಬಿಟ್ಟು ಬದುವಿನ ಮೇಲೆ ನನ್ನ ಪಕ್ಕ ಕುಳಿತಳು. ನನಗೆ ಜೀವ ಬಂದಂತಾಯಿತು.

(ನಾಲ್ಕೂ ಇಂಡಿಕೇಟರ್ ಮಿಣುಕಿಸಬಾರದಿತ್ತೇ ಎಂದೀರಿ. ಅದನ್ನೂ ಮಾಡಿದೆವು. ಆದರೆ ನಮ್ಮ ಕಡೆ ನಾಲ್ಕೂ ಮಿಣುಕಿದರೆ ಗಾಡಿ ನೇರ ಹೋಗುತ್ತಿದೆ ಎಂದೇ ಜನ ತಿಳಿಯುತ್ತಾರೆ.)

ಬೈಕುಗಳು ಬಂದವು. ಒಬ್ಬೊಬ್ಬರೂ ವೇಗ ತಗ್ಗಿಸಿದರು. ಇಬ್ಬರು ನಿಂತೂ ನಿಂತರು. "ಅಣ್ಣಾರ, ಲೈಟ್ ಹಂಗ ಬಿಟ್ಟೀರಿ. ಬ್ಯಾಟರಿ ಇಳಿತೈತಿ."

"ಇಳೀಲಿ ಬಿಡ್ರಿ," ಎಂದರು ನಮ್ಮವರು.

ನಮ್ಮ ಬ್ಯಾಟರಿಯ ಮೇಲೆ ಊರಿಗೆಲ್ಲ ಎಷ್ಟು ಕಾಳಜಿ! ಅದೇ ಜನ ಟ್ರೇಲರಿನ ಪಕ್ಕ ಸುಮ್ಮನೆ ದಾಟಿ ಹೋದರು. ಉರಿಯುವ ದೀಪ ಎಲ್ಲರ ಕಣ್ಣಿಗೂ ಬೀಳುತ್ತದೆ, ಇಲ್ಲದ ದೀಪ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೂರ್ತಿ ಕತ್ತಲಾಗುವ ಮೊದಲೇ ಯಲ್ಲವ್ವನ ಗಂಡ ಬಂದರು. ಮೆತ್ತಗಿನ ಮನುಷ್ಯ. ನಮ್ಮನ್ನು ಕಂಡು ಕೈಮುಗಿದು, ಮೊದಲು ಹೆಂಡತಿಗೆ ನೀರು ಕೊಟ್ಟರು. ಬೈಯಬೇಕೆಂದಿದ್ದೆ. "ಹಿಂದ ಒಂದ ದೀಪ ಹಾಕಿಸಬಾರದೇನ್ರಿ?" ಎಂದಷ್ಟೇ ಕೇಳಿದೆ.

"ಐತ್ರಿ ಅಕ್ಕಾರ," ಎಂದರು ಗಾಲಿ ಕೂರಿಸುತ್ತ. "ಹೊಸಾದು. ಕಬ್ಬು ಹೇರೂ ಮುಂದ ಬಡದು ಒಡೀತೈತಿ ಅಂತ ಬಿಚ್ಚಿ, ಅರಿವ್ಯಾಗ ಸುತ್ತಿ ಮನ್ಯಾಗ ಟ್ರಂಕಿನ್ಯಾಗ ಇಟ್ಟೇನ್ರಿ."

ನಗಬೇಡಿ. ನಮ್ಮ ಮನೆಯ ಟಿವಿ ರಿಮೋಟು ಇನ್ನೂ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದಿಲ್ಲ. ನಿಮ್ಮ ಮನೆಯ ಸೋಫಾದ ಕವರು? ಬಳಸುವ ವಸ್ತುವನ್ನು ಬಳಸದೆ ಕಾಪಾಡುವುದರಲ್ಲಿ ನಾವೆಲ್ಲ ಒಂದೇ ಗಾಣದ ಎತ್ತುಗಳು. ಆದರೆ ರಿಮೋಟಿನ ಬದಲಿಗೆ ನಾನು ಯಾರನ್ನೂ ರಸ್ತೆಯಲ್ಲಿ ನಿಲ್ಲಿಸಿಲ್ಲ.

ಟ್ರೇಲರ್ ಹೊರಟಿತು. ಹಳಿಯಾಳ ಬರುವವರೆಗೂ ನಾವು ಅದರ ಬೆನ್ನಿಗೇ ನಿಧಾನವಾಗಿ ಹೋದೆವು. ಯಲ್ಲವ್ವ ಮುಂದೆ ಟ್ರ್ಯಾಕ್ಟರಿನಲ್ಲಿ ಗಂಡನ ಪಕ್ಕ ಕುಳಿತಿದ್ದಳು. ನಾಳೆ ಅವರು ಮತ್ತೆ ಕಬ್ಬು ಹೇರುತ್ತಾರೆ, ಮತ್ತೆ ಇದೇ ದಾರಿ.

ಆ ಒಳ್ಳೆಯ ಮನುಷ್ಯನನ್ನು ಕೇಳದೆ ಬಂದ ಮಾತು ಒಂದೇ: ಒಡೆದರೆ ಹಳಿಯಾಳದ ಅಂಗಡಿಯಲ್ಲಿ ಮತ್ತೆ ಸಿಗುವುದು ದೀಪವೋ, ಯಲ್ಲವ್ವನೋ?