ಕುಂಜಮ್ಮನ ಶೆಡ್ಡಿಗೆ ಅರ್ತಿಂಗ್

ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಲ್ಲಿ ಔತ ಮತ್ತು ಕುಂಜಮ್ಮ ದಂಪತಿಯ ರಬ್ಬರ್ ತೋಟ. ಮರಕ್ಕೆ ಗೀರು ಹಾಕುವುದು ಔತನ ಕೆಲಸ, ಹಾಲನ್ನು ಹೆಪ್ಪುಗಟ್ಟಿಸಿ ರೋಲರಿಗೆ ಕೊಟ್ಟು ಶೀಟು ಮಾಡುವುದು ಕುಂಜಮ್ಮನದು. ಮದುವೆಯಾಗಿ ಬಂದಂದಿನಿಂದ ಕೈರೋಲರು ತಿರುಗಿಸಿ ತಿರುಗಿಸಿ ಅವಳ ಭುಜ ಸೋತಿತ್ತು. ಹಾಗಾಗಿ ಔತ ಕಬ್ಬಿಣದ ಕಂಬ, ಕಬ್ಬಿಣದ ಮಾಡಿನ ಹೊಸ ಶೆಡ್ಡು ಕಟ್ಟಿಸಿ ಮೋಟರಿನ ರೋಲರು ಕೂರಿಸಿದಾಗ ಅವಳಿಗೆ ಹೇಳತೀರದ ಖುಷಿ.

ಆದರೆ ಒದ್ದೆ ಕೈಯಲ್ಲಿ ಕಂಬ ಮುಟ್ಟಿದರೆ ಜುಂ ಎನ್ನುತ್ತಿತ್ತು.

"ಅದು ನಿನ್ನ ನರದ ತೊಂದರೆ," ಎಂದ ಔತ. ಅವನ ಕಾಲಿನಲ್ಲಿ ಯಾವಾಗಲೂ ದಪ್ಪ ಚಪ್ಪಲಿ, ಅವಳದು ಬರಿಗಾಲು.

ಕುಂಜಮ್ಮ ಕೇಳಲಿಲ್ಲ. ಕಡಬದ ವೈರ್‌ಮ್ಯಾನ್ ಮಶೂದನನ್ನು ಕರೆಸಿದಳು. ಕುಂಜಮ್ಮನನ್ನು ಅಕ್ಕ ಎಂಬರ್ಥದಲ್ಲಿ ಚೇಚಿ ಎನ್ನುತ್ತಿದ್ದ ಅವನು ಮೀಟರು ಹಿಡಿದು ನೋಡಿದ. "ಮೋಟರಿಗೆ ತೇವ ಹಿಡಿದು ಕರೆಂಟು ಕಂಬಕ್ಕೆ ಸೋರ್ತಾ ಉಂಟು ಚೇಚಿ. ಮೋಟರು ಬಿಚ್ಚಿ ಸರಿ ಮಾಡುವ. ಆದರೆ ಅಷ್ಟೇ ಸಾಲದು, ಸೋರಿದ ಕರೆಂಟು ನೆಲಕ್ಕೆ ಇಳಿಯಲಿಕ್ಕೆ ಇಡೀ ಶೆಡ್ಡಿಗೆ ಅರ್ತ್ ಬೇಕು."

"ಕಂಬ ನೆಲದಲ್ಲೇ ಉಂಟಲ್ಲ ಮಾರಾಯ?" ಎಂದ ಔತ.

"ಕಾಂಕ್ರೀಟಿನಲ್ಲಿ ನಿಂತದ್ದನ್ನು ನಂಬಿ ಕೂರುದು ಬೇಡ."

ಪುತ್ತೂರಿನಿಂದ ಸಾಮಾನು ಬಂತು. ಮಶೂದ್ ಮೋಟರು ಸರಿ ಮಾಡಿ, ಅಂಗಳದಾಚೆ ಗುಂಡಿ ತೋಡಿ ಅರ್ತಿನ ಪೈಪು ಇಳಿಸಿದ. ಕಂಬ, ಮಾಡಿನ ತೊಲೆ, ರೋಲರು ಎಲ್ಲವನ್ನೂ ಲೋಹದ ಪಟ್ಟಿಯಿಂದ ಒಂದಕ್ಕೊಂದು ಬಿಗಿದು ಆ ಪೈಪಿಗೆ ಜೋಡಿಸಿದ. ಬೋಲ್ಟು ಕೂರುವ ಕಡೆಯೆಲ್ಲ ಹೊಸ ಪೈಂಟು ಕೆರೆದಾಗ ಔತನ ಮುಖ ಹುಳ್ಳಗಾಯಿತು. ಪೈಂಟಿನ ಮೇಲೆ ಬಿಗಿದರೆ ಕರೆಂಟಿಗೆ ದಾರಿ ಸಿಗುದಿಲ್ಲ ಎಂದು ಮಶೂದ್ ಸಮಾಧಾನ ಹೇಳಿದ. ಸೋರಿಕೆಯಾದರೆ ತಾನೇ ಬಿದ್ದು ಕರೆಂಟು ನಿಲ್ಲಿಸುವ ಸ್ವಿಚ್ಚನ್ನೂ ಹಾಕಿ ಹೋದ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕುಂಜಮ್ಮ ಶೀಟು ಒತ್ತುತ್ತಿದ್ದಾಗ ಟಕ್ಕೆಂದು ಮೋಟರು ನಿಂತಿತು. ಸ್ವಿಚ್ಚು ಮೇಲೆತ್ತಿದರೆ ಮತ್ತೆ ಬಿತ್ತು.

"ಅದನ್ನು ಬಿಟ್ಟು ನೇರ ಲೈನು ಕೊಡುವ. ಹಾಲು ಹಾಳಾಗ್ತದೆ," ಎಂದ ಔತ.

"ಹಾಳಾಗಲಿ. ಮಶೂದ್ ಬರುವವರೆಗೆ ಯಾರೂ ಮುಟ್ಟುದು ಬೇಡ."

ಮಶೂದ್ ಬಂದು ಹುಡುಕಿದ. ಮೋಟರಿನ ಕೇಬಲನ್ನು ಇಲಿ ಕಡಿದು, ಒಳಗಿನ ತಂತಿ ಕಂಬಕ್ಕೆ ತಾಗಿ ಕೂತಿತ್ತು. ದಿನಾ ಶೀಟು ಎತ್ತಿ ನೇತು ಹಾಕುವಾಗ ಕುಂಜಮ್ಮ ಆತುಕೊಳ್ಳುತ್ತಿದ್ದ ಕಂಬ ಅದೇ. ನೆಲವಿಡೀ ನೀರು.

ಅವಳು ಅಲ್ಲೇ ಬಕೆಟ್ಟು ಕವುಚಿ ಕೂತಳು. ಔತ ಹತ್ತಿರ ಬಂದ. ಹೆಂಡತಿಯ ಕೈ ಹಿಡಿದುಕೊಂಡು ನಿಂತ.

ಕೇಬಲು ಬದಲಾದ ಮೇಲೆ ಕುಂಜಮ್ಮ ಬೇಯಿಸಿದ ಮರಗೆಣಸು, ಮೀನುಸಾರು ತಂದಿಟ್ಟಳು. "ನಿನ್ನಿಂದ ಬದುಕಿದೆ ಮೋನೆ," ಎಂದಳು, ಮಗನನ್ನು ಕರೆದ ಹಾಗೆ.

ಮಶೂದ್ ನಾಚಿಕೊಂಡ. "ಕರೆಂಟು ಹೋದರೆ ಎಲ್ಲರೂ ನನಗೆ ಬೈಯುದು ಚೇಚಿ. ಹೋದದ್ದಕ್ಕೆ ಊಟ ಕೊಟ್ಟವರು ನೀವೇ ಮೊದಲು."

ಔತ ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಬಡಿಸಿದ. "ಉಂಡಾದ ಮೇಲೆ ದನದ ಹಟ್ಟಿಯ ಕಡೆಗೂ ಒಮ್ಮೆ ಬಾ," ಎಂದ. "ಅಲ್ಲಿಯೂ ಕಬ್ಬಿಣದ ಕಂಬವೇ. ಪೈಂಟು ಎಷ್ಟು ಬೇಕಾದರೂ ಕೆರಿ."