ಚಿಲಕಕ್ಕೆ ಹಾಕಿದ ಬಟ್ಟೆ

ತಪ್ಪು ಗಿರಿಜೆಯದಲ್ಲ. ಚೆನ್ನಾಗಿದೆ ಎಂದ ನನ್ನದು.

ಹೋದ ವರ್ಷ ಶೃಂಗೇರಿಯ ಲಾಡ್ಜೊಂದರಲ್ಲಿ ರೂಮು ಗುಡಿಸಿ ಒರೆಸುವ ಐದು ಹೆಂಗಸರಿಗೆ ನಾನೇ ಮೇಸ್ತ್ರಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನಮ್ಮಲ್ಲೊಂದು ರೂಢಿಯಿತ್ತು. ನೆಲ ಒರೆಸಿದ ಮೇಲೆ ಒದ್ದೆ ಬಟ್ಟೆಯನ್ನು ಬಾಗಿಲಿನ ಹೊರಚಿಲಕಕ್ಕೆ ಹಾಕುತ್ತಿದ್ದೆವು. ಬಟ್ಟೆ ಇದ್ದರೆ ನೆಲ ಆರಿಲ್ಲ, ಯಾರನ್ನೂ ಒಳಗೆ ಬಿಡಬೇಡಿ ಎಂದರ್ಥ.

ಯಾವ ರೂಮು ಸಿದ್ಧ ಎಂದು ಕೌಂಟರಿಗೆ ಫೋನಿನಲ್ಲೇ ತಿಳಿಸುವ ಆ್ಯಪ್ ಮಾಡಿಸಲು ಮ್ಯಾನೇಜರು ಹೊರಟರು. ಅದನ್ನು ಮಾಡುವ ರಮ್ಯಾ ಕೊಪ್ಪದವಳು, ನನ್ನ ಮೊಮ್ಮಗಳ ವಯಸ್ಸು. ಮೊದಲ ಸಲ ಬಂದಾಗ ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು, ಫೋನಿನಲ್ಲಿ ಏನೇನು ಕಾಣಬೇಕೋ ಬರೆಯಿರಿ ಎಂದಳು. ಆ ಐವರಲ್ಲಿ ಓದು ಬಾರದ ಗಿರಿಜೆ ಒಂದು ಬಾಗಿಲು ಬರೆದು ಅದಕ್ಕೆ ಬಟ್ಟೆ ತೂಗುಹಾಕಿದಳು.

“ಎಂತದೇ ಅದು, ಬಟ್ಟೆಯಾ ಬಾವಲಿಯಾ?” ಎಂದೆ.

“ಬಾವಲಿನೇ ಅಂದ್ಕಳಿ ಅಕ್ಕಾ. ಜನ ಒಳಗೆ ಕಾಲಿಡದಿದ್ರೆ ಸಾಕು.”

ನಕ್ಕೆವು, ಅಳಿಸಿದೆವು, ಮತ್ತೆ ಬರೆದೆವು. ಪೆನ್ಸಿಲ್ಲಿಗೆ ಯಾರೂ ಹೆದರಲಿಲ್ಲ.

ಹದಿನೈದು ದಿನ ಬಿಟ್ಟು ರಮ್ಯಾ ಲ್ಯಾಪ್‌ಟಾಪ್ ತಂದಳು. ಗೆರೆಗಳೆಲ್ಲ ನೆಟ್ಟಗೆ, ಅಕ್ಷರ ಅಚ್ಚಿನ ಹಾಗೆ. ರೂಮಿಗೆ ಎರಡೇ ಗುಂಡಿ: ಕೆಲಸ ಬಾಕಿ ಇದ್ದರೆ ಕೆಂಪು, ರೂಮು ಸಿದ್ಧವಾದರೆ ಹಸಿರು. ಬಟ್ಟೆ ಇರಲಿಲ್ಲ.

“ಇದು ವೈರ್‌ಫ್ರೇಮ್ ಅಜ್ಜಿ, ಬರೀ ಹಂದರ. ಏನು ಬೇಕಾದ್ರೂ ಬದಲಾಯಿಸ್ಬಹುದು,” ಎಂದಳು.

ಗಿರಿಜೆ ನನ್ನ ಮೊಣಕೈ ತಿವಿದಳು. ನನಗೂ ಕಂಡಿತ್ತು. ಆದರೆ ಮ್ಯಾನೇಜರು ಎದುರಿಗೇ ನಿಂತಿದ್ದರು. ಇಷ್ಟು ಚೊಕ್ಕ ಮಾಡಿ ತಂದದ್ದನ್ನು ಕೆಡಿಸುವುದು ಹೇಗೆ ಎನ್ನಿಸಿತು. “ಚೆನ್ನಾಗಿದೆ,” ಎಂದೆ.

ಆ್ಯಪ್ ಬಂತು. ಫೋನಿರುವಾಗ ಬಾಗಿಲಿಗೆ ಚಿಂದಿ ಯಾಕೆಂದು ಮ್ಯಾನೇಜರು ಬಟ್ಟೆ ಹಾಕುವುದನ್ನು ನಿಲ್ಲಿಸಿದರು.

ಆಷಾಢದ ಒಂದು ಮಧ್ಯಾಹ್ನ ಗಿರಿಜೆ ಒರೆಸಿ ಹಸಿರು ಒತ್ತಿದಳು. ಕೆಂಪು ಹಾಗೇ ಬಿಟ್ಟರೆ ಕೆಲಸ ಮಾಡಿಲ್ಲವೆಂದು ಬೈಗುಳ. ಬೇರೆ ಗುಂಡಿ ಇಲ್ಲ. ಕೌಂಟರಿನವರು ಹಸಿರು ನೋಡಿ ಕೀಲಿ ಕೊಟ್ಟರು. ವಯಸ್ಸಾದ ಯಾತ್ರಿಕರೊಬ್ಬರು ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡರು. ಸಂಜೆಯೊಳಗೆ ಗಿರಿಜೆಯನ್ನು ಕೆಲಸದಿಂದ ತೆಗೆದರು.

ತನ್ನೂರು ಹಿರೇಕೊಡಿಗೆಯ ಬಸ್ಸು ಹತ್ತುವಾಗ, “ನೀವಾದ್ರೂ ಒಂದು ಮಾತು ಹೇಳ್ಬಹುದಿತ್ತು ಅಕ್ಕಾ,” ಎಂದಳು. ಅಷ್ಟೇ.

ಮುಗಿದಂತೆ ಕಾಣುವುದರ ಎದುರು ನನ್ನ ಬಾಯಿ ಕಟ್ಟುತ್ತದೆ. ಇಷ್ಟು ವರ್ಷ ದುಡಿದು ತಿಳಿದದ್ದು ಇದು, ಅದೂ ಇನ್ನೊಬ್ಬಳ ಕೆಲಸ ಹೋದ ಮೇಲೆ.

ಮಾರನೇ ಬೆಳಿಗ್ಗೆ ಮ್ಯಾನೇಜರ ಬಳಿ ಹೋದೆ. ಬಟ್ಟೆ ಬಿಟ್ಟುಹೋದದ್ದು ನನಗೆ ಅವತ್ತೇ ಗೊತ್ತಿತ್ತು, ತೆಗೆಯುವುದಾದರೆ ನನ್ನನ್ನು ತೆಗೆಯಿರಿ ಎಂದೆ. ಅವರು ಫೋನಿನಿಂದ ತಲೆ ಎತ್ತಲಿಲ್ಲ. ಮೇಲೆ ಹೋಗಿ ಗಿರಿಜೆಯ ಪಾಲಿನ ರೂಮು ಒರೆಸಿ, ಬಟ್ಟೆ ಹಿಂಡಿ ಚಿಲಕಕ್ಕೆ ಹಾಕಿದೆ.